ಮನೆಯಲ್ಲಿ ಬಟ್ಟೆ ಒಣಗಿಸುವ ಯಂತ್ರ: ಅದರ ಪಾಲನೆ, ದೋಷ ಪರಿಹಾರ ಮತ್ತು ಮಕ್ಕಳ ರಕ್ಷಣೆ



ಕುಟುಂಬ ಕಲ್ಯಾಣದ ಭಾಷಣದಲ್ಲಿ ಬಟ್ಟೆ ಒಣಗಿಸುವ ಯಂತ್ರದ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಚುಚ್ಚುಮದ್ದು, ಪೌಷ್ಟಿಕ ಆಹಾರ, ಹೆರಿಗೆಗಳ ನಡುವಣ ಅಂತರ, ಇವು ಆರೋಗ್ಯ ಇಲಾಖೆಯವರು ಆಡತಕ್ಕ ಮಾತುಗಳು. ಒದ್ದೆ ಬಟ್ಟೆಯ ಚಿಂತೆ ಮನೆವಾಳ್ತೆಯದು ಎಂದು ತಿಳಿಯುವುದು ಸಹಜವೇ ಆಗಿದೆ. ಆದರೆ ಆಷಾಢ ಮಾಸದಲ್ಲಿ ಮೂರು ವಾರದ ಕೂಸಿರುವ ಒಂದು ಮನೆಗೆ ಹೋಗಿ ನೋಡಿ. ಜಗಲಿಯಿಂದ ಅಡಿಗೆಮನೆಯವರೆಗೆ ಹಗ್ಗ ಕಟ್ಟಿ ಬಟ್ಟೆ ಹರವಿರುತ್ತದೆ. ಮುಂಜಾನೆ ಹಾಕಿದ್ದು ರಾತ್ರಿಗೂ ಒಣಗಿರುವುದಿಲ್ಲ. ಕೂಸಿನ ತುಂಡುಬಟ್ಟೆಗಳು ತೀರಿಹೋಗಿ, ‘ಬೆಚ್ಚಗೆ ಮುಟ್ಟಿದರೆ ಸಾಕು’ ಎಂದುಕೊಂಡು ಬಾಣಂತಿಯ ತಾಯಿ ಅರೆ ಒಣಗಿದ್ದನ್ನೇ ತೊಡಿಸುತ್ತಾಳೆ. ಆ ತೇವವು ಆರುವಾಗ ಬೇಕಾಗುವ ಶಾಖವನ್ನು ಕೂಸಿನ ಮೈಯಿಂದಲೇ ಎಳೆದುಕೊಳ್ಳುತ್ತದೆ. ತೂಕ ಕಡಿಮೆಯಿರುವ ಶಿಶುವಿಗೆ ಇದು ಸಣ್ಣ ಸಂಗತಿಯಲ್ಲ. ಅಂತಹ ಶಿಶು ಬೇಗನೆ ತಣ್ಣಗಾಗುತ್ತದೆ. ತಣ್ಣಗಾದ ಶಿಶು ಹಾಲು ಕುಡಿಯಲು ಸೋಲುತ್ತದೆ. ಆದುದರಿಂದ ಬಟ್ಟೆ ಒಣಗಿಸುವ ವಿಷಯವು ತಾಯಿ ಮಕ್ಕಳ ಆರೋಗ್ಯದ ವಿಷಯವೂ ಹೌದು.

ಈಗ ನಮ್ಮ ಊರುಗಳಲ್ಲಿ ಬಟ್ಟೆ ಒಗೆಯುವ ಯಂತ್ರವು ಅಪರೂಪದ ವಸ್ತುವಾಗಿ ಉಳಿದಿಲ್ಲ. ಅದರಲ್ಲಿಯೂ ಎರಡು ತೊಟ್ಟಿಗಳಿರುವ ಸೆಮಿ ಆಟೋಮ್ಯಾಟಿಕ್ ಯಂತ್ರವು ಸಾಧಾರಣ ಮನೆಗಳನ್ನೂ ಸೇರಿದೆ. ಒಂದು ತೊಟ್ಟಿಯಲ್ಲಿ ಒಗೆತ, ಇನ್ನೊಂದರಲ್ಲಿ ಹಿಂಡುವಿಕೆ. ಈ ಎರಡನೆಯ ತೊಟ್ಟಿಯನ್ನೇ ನಮ್ಮ ಜನ ‘ಡ್ರೈಯರ್’ ಎನ್ನುತ್ತಾರೆ. ವಾಸ್ತವವಾಗಿ ಅದು ಬಟ್ಟೆಯನ್ನು ಒಣಗಿಸುವುದಿಲ್ಲ. ಬಿರುಸಿನಿಂದ ತಿರುಗಿಸಿ ನೀರನ್ನು ಹೊರಗೆ ಚಿಮ್ಮಿಸುತ್ತದೆ, ಅಷ್ಟೆ. ಬಿಸಿಗಾಳಿಯಿಂದ ನಿಜವಾಗಿಯೂ ಒಣಗಿಸುವ ಯಂತ್ರವೇ ಬೇರೆ. ಅದು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದು, ಇಲ್ಲಿಯೂ ಬಿಸಿಲು ಬೀಳದ ನಗರದ ವಸತಿ ಸಮುಚ್ಚಯಗಳಿಗೆ ಕಾಲಿಟ್ಟಿದೆ. ಎರಡರ ಪಾಲನೆಯೂ ಬೇರೆ, ಅಪಾಯವೂ ಬೇರೆ. ಮೊದಲು ನಮ್ಮಲ್ಲಿ ಹೆಚ್ಚಾಗಿರುವ ಹಿಂಡುವ ತೊಟ್ಟಿಯ ವಿಚಾರ.

ಒಂದು ಚಿಕ್ಕ ಲೆಕ್ಕ ಹೇಳುತ್ತೇನೆ; ಬೇಸರಪಡಬೇಡಿ. ಒಂದು ಲೀಟರ್ ನೀರು ಆವಿಯಾಗಿ ಹೋಗಬೇಕಾದರೆ ಸುಮಾರು ಮೂರರಲ್ಲಿ ಎರಡು ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಆ ಶಾಖವನ್ನು ಬಿಸಿಲು ಕೊಟ್ಟರೆ ಪುಕ್ಕಟೆ, ಯಂತ್ರ ಕೊಟ್ಟರೆ ದುಡ್ಡು, ಮನೆಯೊಳಗಣ ಗಾಳಿ ಕೊಟ್ಟರೆ ದಿನಗಟ್ಟಲೆ ಕಾಲ. ಒಣಗಿದ್ದಾಗ 5 ಕಿಲೋ ತೂಗುವ ಹತ್ತಿಬಟ್ಟೆಯು ಕೈಯಿಂದ ಹಿಂಡಿದ ಬಳಿಕವೂ ಹೆಚ್ಚುಕಡಿಮೆ ತನ್ನ ತೂಕದಷ್ಟೇ ನೀರನ್ನು ಹಿಡಿದುಕೊಂಡಿರುತ್ತದೆ. ತೊಟ್ಟಿಯಲ್ಲಿ ಚೆನ್ನಾಗಿ ತಿರುಗಿಸಿದ ಮೇಲೆ ಅದರ ಅರ್ಧದಷ್ಟು ಮಾತ್ರ ಉಳಿಯುತ್ತದೆ. ಅಂದರೆ ಎರಡೂವರೆ ಲೀಟರ್ ನೀರು ನಿಮಿಷಗಳಲ್ಲಿ ಹೊರಬಿತ್ತು. ಒಂದೂವರೆ ಯೂನಿಟ್ಟಿಗೂ ಮೀರಿದ ಶಾಖದ ಕೆಲಸ ತಪ್ಪಿತು. ತೊಟ್ಟಿಯ ಮೋಟಾರು ಇದಕ್ಕಾಗಿ ಒಂದು ಯೂನಿಟ್ಟಿನ ಹತ್ತನೆಯ ಒಂದು ಭಾಗವನ್ನೂ ಬಳಸುವುದಿಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ, ಗಾಳಿಯೇ ನೀರಿನಿಂದ ತುಂಬಿ ಬಟ್ಟೆಯ ತೇವವನ್ನು ಒಲ್ಲೆನೆನ್ನುವ ದಿನಗಳಲ್ಲಿ, ಈ ತೊಟ್ಟಿಯು ಮಾಡುವ ಉಪಕಾರವನ್ನು ಅಲ್ಲಿಯ ಗೃಹಿಣಿಯರೇ ಬಲ್ಲರು.

ಉಪಕಾರ ದೊಡ್ಡದು, ಅದರ ವೇಗವೂ ಅಷ್ಟೇ ದೊಡ್ಡದು. ಈ ತೊಟ್ಟಿ ನಿಮಿಷಕ್ಕೆ 1300ರ ಆಸುಪಾಸಿನಲ್ಲಿ ಸುತ್ತುತ್ತದೆ. ಹೀಗೆ ಸುತ್ತುತ್ತಿರುವ ತೊಟ್ಟಿಯೊಳಗೆ ಕೈ ಹೋದರೆ ಏನಾಗುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿರುಗುವ ಸೀರೆಯ ಸೆರಗೋ ಪ್ಯಾಂಟಿನ ಕಾಲೋ ಬೆರಳನ್ನು ಸುತ್ತಿಕೊಂಡು ಒಂದು ಕ್ಷಣದಲ್ಲಿ ಮೂಳೆಯನ್ನೇ ತಿರುಚಬಲ್ಲದು. ಇದನ್ನು ತಡೆಯಲೆಂದೇ ಯಂತ್ರದಲ್ಲಿ ಎರಡು ಏರ್ಪಾಡುಗಳಿರುತ್ತವೆ. ಮುಚ್ಚಳ ತೆರೆದೊಡನೆ ವಿದ್ಯುತ್ ಕಡಿಯುವ ಸ್ವಿಚ್ಚು ಒಂದು. ಮುಚ್ಚಳಕ್ಕೆ ತಂತಿಯಿಂದ ಜೋಡಿಸಿದ್ದು, ತೊಟ್ಟಿಯನ್ನು ಹಿಡಿದು ನಿಲ್ಲಿಸುವ ಬ್ರೇಕು ಇನ್ನೊಂದು. ಬ್ರೇಕು ಸೈಕಲ್ಲಿನ ಬ್ರೇಕಿನಂತೆಯೇ ಸವೆಯುತ್ತದೆ, ತಂತಿ ಸಡಿಲವಾಗುತ್ತದೆ. ಸವೆದದ್ದು ಒಂದು ದಿನದಲ್ಲಿ ಗೊತ್ತಾಗುವುದಿಲ್ಲ. ತೊಟ್ಟಿ ನಿಲ್ಲುವುದಕ್ಕೆ ಮೊದಲು ಮೂರು ಎಣಿಕೆ ಸಾಕಾಗುತ್ತಿದ್ದುದು ಆಮೇಲೆ ಎಂಟು, ಹನ್ನೆರಡು ಎಂದು ಬೆಳೆಯುತ್ತದೆ. ಮನೆಯವರು ಅದಕ್ಕೆ ಒಗ್ಗಿಕೊಳ್ಳುತ್ತಾರೆ.

ನನ್ನ ಮನೆಯಲ್ಲಿ ಆದದ್ದೂ ಇದೇ. ಆರೋಗ್ಯದ ಪಾಠ ಹೇಳುವವಳ ಮನೆಯಲ್ಲಿಯೇ ಹೀಗಾಯಿತೆಂದು ಹೇಳಿಕೊಳ್ಳಲು ನಾಚಿಕೆಯಾದರೂ ಮುಚ್ಚಿಡುವುದು ತಪ್ಪು. ಹಲವು ವರ್ಷ ದುಡಿದ ಯಂತ್ರ. ಮುಚ್ಚಳದ ಸ್ವಿಚ್ಚು ಕೆಟ್ಟಾಗ ರಿಪೇರಿಗೆ ಬಂದ ಹುಡುಗ, ‘ಇದು ಸಿಗುವುದಿಲ್ಲಮ್ಮ, ನೇರ ಮಾಡಿಬಿಡುತ್ತೇನೆ’ ಎಂದು ಎರಡು ತಂತಿಗಳನ್ನು ಹೊಸೆದು ಕೂಡಿಸಿದ. ಯಂತ್ರ ಓಡಿತು, ನಾನೂ ಸುಮ್ಮನಾದೆ. ಒಂದು ಭಾನುವಾರ ನಾಲ್ಕು ವರ್ಷದ ಮೊಮ್ಮಗ ಸ್ಟೂಲು ಎಳೆದುಕೊಂಡು ಹತ್ತಿ, ಮುಚ್ಚಳ ತೆಗೆದು, ಗಿರಗಿಟ್ಲೆಯಂತೆ ತಿರುಗುತ್ತಿದ್ದ ತೊಟ್ಟಿಯನ್ನು ನೋಡುತ್ತ ಕೈ ಚಾಚಿದ. ಬಟ್ಟೆ ತರಲು ಬಂದ ಸೊಸೆ ಅವನನ್ನು ಹಿಂದಿನಿಂದ ಎಳೆದುಕೊಂಡಳು. ಬೆರಳತುದಿಯ ಚರ್ಮ ಹೋಯಿತು, ಬೆರಳು ಉಳಿಯಿತು. ರಕ್ಷಣೆಯ ಸ್ವಿಚ್ಚನ್ನು ‘ನೇರ’ ಮಾಡಿಸಿಕೊಂಡ ಮನೆಗಳು ಎಷ್ಟಿವೆಯೋ! ಅಂಥ ಯಂತ್ರ ನಿಮ್ಮಲ್ಲಿದ್ದರೆ, ಹೊಸ ಸ್ವಿಚ್ಚು ಹಾಕಿಸುವವರೆಗೆ ಹಿಂಡುವ ತೊಟ್ಟಿಯನ್ನು ಬಳಸಬೇಡಿ. ಬಟ್ಟೆಯನ್ನು ಕೈಯಿಂದ ಹಿಂಡಿಕೊಳ್ಳಿ.

ತೊಟ್ಟಿಗೆ ಬಟ್ಟೆ ತುಂಬುವುದರಲ್ಲಿಯೂ ಒಂದು ಕ್ರಮವಿದೆ. ಒಗೆಯುವ ತೊಟ್ಟಿಯಲ್ಲಿ ಹಿಡಿಸಿದಷ್ಟನ್ನು ಹಿಂಡುವ ತೊಟ್ಟಿಗೆ ಒಮ್ಮೆಲೇ ತುರುಕಬಾರದು. ಎರಡು ಸಲಕ್ಕೆ ಹಂಚಿಕೊಳ್ಳಬೇಕು. ಭಾರವಾದುವನ್ನು ತಳಕ್ಕೆ, ಹಗುರವಾದುವನ್ನು ಮೇಲಕ್ಕೆ ಹಾಕಿ, ಸುತ್ತಲೂ ಸಮನಾಗಿ ಅದುಮಿ, ಮೇಲೆ ತೆಳುವಾದ ಪ್ಲಾಸ್ಟಿಕ್ ತಟ್ಟೆಯನ್ನು ತಪ್ಪದೆ ಇರಿಸಬೇಕು. ಆ ತಟ್ಟೆ ಕಳೆದುಹೋಗಿದ್ದರೆ ಸಣ್ಣ ಬಟ್ಟೆಗಳು ಹಾರಿ ಒಳತೊಟ್ಟಿಗೂ ಹೊರತೊಟ್ಟಿಗೂ ನಡುವೆ ಸಿಕ್ಕಿಕೊಳ್ಳುತ್ತವೆ. ಕೂಸಿನ ಕಾಲುಚೀಲ, ಕರವಸ್ತ್ರಗಳನ್ನು ಒಂದು ಬಲೆಚೀಲದಲ್ಲಿ ಹಾಕಿ ತಿರುಗಿಸುವುದು ಒಳ್ಳೆಯದು. ನೀರು ಇಳಿಯದ ಯಾವ ವಸ್ತುವನ್ನೂ, ಅಂದರೆ ಮಳೆ ಕೋಟು, ರೆಕ್ಸಿನ್ ಹೊದಿಕೆ, ಕೂಸಿನ ಕೆಳಗೆ ಹಾಸುವ ರಬ್ಬರ್ ಹಾಳೆ ಇವನ್ನು, ಎಂದಿಗೂ ಹಾಕಕೂಡದು. ಅವುಗಳ ಮಡಿಕೆಯಲ್ಲಿ ನೀರು ನಿಂತು, ಭಾರವೆಲ್ಲ ಒಂದೇ ಕಡೆಗೆ ಸೇರಿ, ತೊಟ್ಟಿಯು ಹುಚ್ಚೆದ್ದಂತೆ ಹೊಯ್ದಾಡಿ ಯಂತ್ರವೇ ಒಡೆದುಹೋಗಬಹುದು.

ಇನ್ನು ದೋಷಗಳು. ತಿರುಗುವಾಗ ಯಂತ್ರ ಗಡಗಡ ನಡುಗಿದರೆ ಬಹುಮಟ್ಟಿಗೆ ಬಟ್ಟೆ ಒಂದು ಪಕ್ಕಕ್ಕೆ ಸೇರಿದೆಯೆಂದೇ ಅರ್ಥ, ನಿಲ್ಲಿಸಿ ಸರಿಪಡಿಸಿಕೊಳ್ಳಿ. ಆಗಲೂ ನಡುಗಿದರೆ ನೆಲ ನೋಡಿ. ಬಚ್ಚಲಿನ ನೆಲವು ನೀರು ಹರಿಯಲೆಂದು ಇಳಿಜಾರಾಗಿರುತ್ತದೆ, ಯಂತ್ರದ ಒಂದು ಕಾಲು ಗಾಳಿಯಲ್ಲಿರುತ್ತದೆ.

ಮೋಟಾರು ಗುಂಯ್ ಎಂದು ಸದ್ದು ಮಾಡುತ್ತದೆ, ತೊಟ್ಟಿ ತಿರುಗುವುದಿಲ್ಲ ಎಂಬುದು ಮಳೆಗಾಲದಲ್ಲಿ ಕೇಳಿಬರುವ ಸಾಮಾನ್ಯ ದೂರು. ಒಡನೆಯೇ ಸ್ವಿಚ್ಚು ಆರಿಸಿ, ಪ್ಲಗ್ಗು ಕೀಳಿ. ಹಾಗೆಯೇ ಬಿಟ್ಟರೆ ಮೋಟಾರಿನ ಸುರುಳಿ ಸುಟ್ಟುಹೋಗುತ್ತದೆ. ಬಳಿಕ ಕೈಯಿಂದ ಒಳತೊಟ್ಟಿಯನ್ನು ತಿರುಗಿಸಿ ನೋಡಿ. ಮುಚ್ಚಳ ತೆರೆದಿರುವಾಗ ಬ್ರೇಕು ಹಿಡಿದಿರುವುದರಿಂದ ಅದು ಬಿಗಿಯಾಗಿರುವುದೇ ಸರಿ. ಆದುದರಿಂದ ಮೊದಲು ಎರಡು ತೊಟ್ಟಿಗಳ ಸಂದಿಯಲ್ಲಿ ಬಟ್ಟೆ ಸಿಕ್ಕಿದೆಯೇ ಎಂದು ದೀಪ ಹಿಡಿದು ನೋಡಬೇಕು. ಸಿಕ್ಕಿದ್ದರೆ ಒಳತೊಟ್ಟಿಯನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸುತ್ತ ಬಿಡಿಸಿಕೊಳ್ಳಿ. ಏನೂ ಸಿಕ್ಕಿಲ್ಲವಾದರೆ ಮೂರು ಕಾರಣಗಳಿರಬಹುದು: ವಿದ್ಯುತ್ತಿನ ಒತ್ತಡ ಕಡಿಮೆ, ಮುಚ್ಚಳ ಮುಚ್ಚಿದರೂ ಬ್ರೇಕು ಬಿಟ್ಟುಕೊಟ್ಟಿಲ್ಲ, ಅಥವಾ ಮೋಟಾರಿಗೆ ಮೊದಲ ನೂಕು ಕೊಡುವ ಕೆಪಾಸಿಟರ್ ಸೋತಿದೆ. ಮನೆಯ ದೀಪಗಳು ಮಂಕಾಗಿದ್ದರೆ ಮೊದಲನೆಯದು, ಕಾದು ನೋಡಿ. ಉಳಿದೆರಡಕ್ಕೆ ತಿಳಿದವರನ್ನು ಕರೆಯಿರಿ. ಕೆಪಾಸಿಟರ್ ಅಗ್ಗದ ಬಿಡಿಭಾಗವೇ ಆದರೂ, ಪ್ಲಗ್ಗು ಕಿತ್ತ ಮೇಲೂ ಅದರಲ್ಲಿ ವಿದ್ಯುತ್ತು ಸಂಗ್ರಹವಾಗಿದ್ದು ಹೊಡೆಯಬಲ್ಲದು. ಮನೆಯ ಗಂಡಸರು ಸ್ಕ್ರೂಡ್ರೈವರ್ ಹಿಡಿದು ಸಾಹಸ ಮಾಡುವ ಸ್ಥಳ ಇದಲ್ಲ.

ಬಟ್ಟೆ ಹಿಂಡಿದ ಮೇಲೂ ತೊಟ್ಟಿಕ್ಕುತ್ತಿದ್ದರೆ ಹೊರಹೋಗುವ ಕೊಳವೆಯನ್ನು ಅನುಮಾನಿಸಿ. ಹೆಚ್ಚಿನ ಸೆಮಿ ಆಟೋಮ್ಯಾಟಿಕ್ ಯಂತ್ರಗಳಲ್ಲಿ ನೀರೆತ್ತುವ ಪಂಪು ಇರುವುದಿಲ್ಲ; ನೀರು ತಾನಾಗಿಯೇ ಇಳಿದುಹೋಗಬೇಕು. ಕೊಳವೆಯನ್ನು ನೆಲದಲ್ಲಿ ಮಲಗಿಸದೆ ಮೇಲಕ್ಕೆ ಸಿಕ್ಕಿಸಿಟ್ಟಿದ್ದರೆ ನೀರು ತೊಟ್ಟಿಯ ತಳದಲ್ಲಿಯೇ ನಿಂತು ಬಟ್ಟೆಗೆ ತಿರುಗಿ ಸೇರುತ್ತದೆ. ಗುಂಡಿ, ಪಿನ್ನು, ನೂಲಿನ ಉಂಡೆಗಳೂ ಕೊಳವೆಯನ್ನು ಕಟ್ಟುತ್ತವೆ. ಯಂತ್ರದ ಅಡಿಯಿಂದ ನೀರು ಜಿನುಗಿದರೆ ತೊಟ್ಟಿಯ ದಂಡದ ಸುತ್ತಲಿನ ರಬ್ಬರ್ ಸೀಲು ಹರಿದಿರಬಹುದು, ಇಲ್ಲವೇ ಇಲಿ ಕೊಳವೆಯನ್ನು ಕಡಿದಿರಬಹುದು. ಸೀಲು ಹರಿದ ಯಂತ್ರದಲ್ಲಿ ಸೋಪಿನ ನೀರು ನೇರವಾಗಿ ಮೋಟಾರಿನ ಮೇಲೆ ಬೀಳುತ್ತದೆ; ಅದನ್ನು ‘ಸ್ವಲ್ಪ ಸೋರುತ್ತದೆ’ ಎಂದು ಬಿಡುವಂತಿಲ್ಲ. ಇಲಿಯ ವಿಚಾರವನ್ನು ನಗಬೇಡಿ. ಯಂತ್ರದ ತಳ ತೆರೆದಿದ್ದರೆ ಮಳೆಗಾಲದಲ್ಲಿ ಇಲಿಗೆ ಅದಕ್ಕಿಂತ ಬೆಚ್ಚನೆಯ ಮನೆ ಬೇರೊಂದಿಲ್ಲ. ಅದು ಕಡಿದ ವಿದ್ಯುತ್ ತಂತಿಯು ಯಂತ್ರದ ಲೋಹದ ಮೈಗೆ ತಾಗಿದರೆ ಮುಟ್ಟಿದವರಿಗೆ ಆಘಾತ. ತಳಕ್ಕೆ ಇಲಿ ತಡೆಯುವ ಹಾಳೆ ಹಾಕಿಸಿ.

ಯಂತ್ರ ಮುಟ್ಟಿದಾಗ ಕೈ ‘ಜುಂ’ ಎಂದರೆ ಅದು ಎಚ್ಚರಿಕೆಯ ಕರೆ. ಮರದ ಮಣೆಯ ಮೇಲೆ ನಿಂತೋ ರಬ್ಬರ್ ಚಪ್ಪಲಿ ಹಾಕಿಕೊಂಡೋ ಕೆಲಸ ಸಾಗಿಸುವ ಅಭ್ಯಾಸ ಅನೇಕರಲ್ಲಿದೆ. ಇದು ಮೃತ್ಯುವಿನೊಡನೆ ಸಲುಗೆ. ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಯು ಭೂಸಂಪರ್ಕಕ್ಕಾಗಿ ಇರುವುದು. ಗೋಡೆಯ ಹಿಂದೆ ಆ ತಂತಿ ನಿಜವಾಗಿಯೂ ನೆಲಕ್ಕೆ ಸೇರಿದೆಯೇ ಎಂಬುದನ್ನು ಲೈಸೆನ್ಸ್ ಇರುವ ವಿದ್ಯುತ್ ಕೆಲಸಗಾರರಿಂದ ಪರೀಕ್ಷೆ ಮಾಡಿಸಬೇಕು. 30 ಮಿಲಿ ಆಂಪಿಯರ್ ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ರಕ್ಷಕ ಸ್ವಿಚ್ಚನ್ನು ಮೀಟರಿನ ಬಳಿ ಕೂಡಿಸಿಕೊಂಡರೆ ಅದು ಇಡೀ ಮನೆಗೆ ಕಾವಲು.

ಇನ್ನು ಬಿಸಿಗಾಳಿಯ ಯಂತ್ರ. ಇದರಲ್ಲಿ ಒಂದು ದೊಡ್ಡ ಪೀಪಾಯಿ ಮೆಲ್ಲಗೆ ಉರುಳುತ್ತಿರುತ್ತದೆ. ಕಾದ ಗಾಳಿ ಬಟ್ಟೆಗಳ ನಡುವೆ ಹಾದು ತೇವವನ್ನು ಹೊತ್ತುಕೊಂಡು ಹೋಗುತ್ತದೆ. ಆ ತೇವವನ್ನು ಕೊಳವೆಯ ಮೂಲಕ ಮನೆಯ ಹೊರಗೆ ಊದುವ ಬಗೆ ಒಂದು. ಒಳಗೇ ತಣಿಸಿ ನೀರಾಗಿಸಿ ಒಂದು ಪಾತ್ರೆಯಲ್ಲಿ ಕೂಡಿಡುವ ಬಗೆ ಇನ್ನೊಂದು. ಕಾಯಿಸುವ ಸುರುಳಿಯುಳ್ಳವು ಸಾಮಾನ್ಯವಾಗಿ 2,000 ವಾಟ್ ಅಥವಾ ಅದಕ್ಕೂ ಹೆಚ್ಚು ಎಳೆಯುತ್ತವೆ. ಹೀಟ್ ಪಂಪ್ ಎಂಬ ಹೊಸ ಬಗೆಯವು ಇದರ ಅರ್ಧದಷ್ಟರಲ್ಲಿ ಕೆಲಸ ಮುಗಿಸುತ್ತವೆಯಾದರೂ ಬೆಲೆ ಹೆಚ್ಚು, ಹೊತ್ತೂ ಹೆಚ್ಚು. ಯಾವುದೇ ಆಗಲಿ, 16 ಆಂಪಿಯರಿನ ದೊಡ್ಡ ಸಾಕೆಟ್ಟಿಗೆ ನೇರವಾಗಿ ಸೇರಿಸಬೇಕು. ಎಕ್ಸ್‌ಟೆನ್ಷನ್ ತಂತಿಯಲ್ಲಿ ಓಡಿಸಿದರೆ ತಂತಿಯೇ ಒಲೆಯಾಗುತ್ತದೆ.

ಈ ಯಂತ್ರದ ಶತ್ರು ನಮ್ಮ ಬಟ್ಟೆಯೇ. ಪ್ರತಿ ಸಲ ಉರುಳುವಾಗಲೂ ಬಟ್ಟೆಯಿಂದ ಸೂಕ್ಷ್ಮವಾದ ಎಳೆಗಳು ಉದುರುತ್ತವೆ. ಯಂತ್ರದ ಪುಸ್ತಿಕೆಗಳು ಇದನ್ನು ‘ಲಿಂಟ್’ ಎನ್ನುತ್ತವೆ. ನೋಡಲು ಎಕ್ಕದ ಹತ್ತಿಯಂತೆ ಮೆತ್ತಗೆ. ಕಿಡಿ ಸೋಕಿದರೆ ಭಗ್ಗನೆ ಹತ್ತಿಕೊಳ್ಳುವ ವಸ್ತು. ಅದನ್ನು ಹಿಡಿಯುವ ಜಾಲರಿ ತುಂಬಿದರೆ ಗಾಳಿಯ ದಾರಿ ಕಟ್ಟುತ್ತದೆ, ಒಳಗೆ ಶಾಖ ಏರುತ್ತದೆ, ಜಾಲರಿ ತಪ್ಪಿಸಿಕೊಂಡ ಎಳೆಗಳು ಕಾಯಿಸುವ ಸುರುಳಿಯ ಬಳಿ ಕೂಡಿರುತ್ತವೆ. ಅಮೆರಿಕ ದೇಶದ ಅಗ್ನಿಶಾಮಕ ಆಡಳಿತವು 2008ರಿಂದ 2010ರವರೆಗಿನ ಲೆಕ್ಕ ತೆಗೆದಾಗ, ಆ ದೇಶದ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಬೆಂಕಿ ಅನಾಹುತಗಳು ಬಟ್ಟೆ ಒಣಗಿಸುವ ಯಂತ್ರಗಳಿಂದ ಸಂಭವಿಸಿದ್ದವು. ಮುಖ್ಯ ಕಾರಣವೆಂದು ಅವರು ಗುರುತಿಸಿದ್ದು ಯಂತ್ರವನ್ನು ಶುಚಿಗೊಳಿಸದೇ ಇದ್ದುದನ್ನು. ಆದುದರಿಂದ ಪ್ರತಿ ಸಲವೂ, ‘ವಾರಕ್ಕೊಮ್ಮೆ’ ಅಲ್ಲ, ಪ್ರತಿ ಸಲವೂ ಜಾಲರಿಯನ್ನು ತೆಗೆದು ಒರೆಸಿ. ತಿಂಗಳಿಗೊಮ್ಮೆ ಸೋಪಿನ ನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ತೊಳೆದು, ಪೂರ್ತಿ ಒಣಗಿಸಿ ಕೂಡಿಸಿ. ಬಟ್ಟೆ ಮೃದುವಾಗಲೆಂದು ಹಾಕುವ ಸುವಾಸನೆಯ ದ್ರವವು ಜಾಲರಿಯ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಜಾಲರಿಯ ಮೇಲೆ ನೀರು ಬಿಟ್ಟು ನೋಡಿ. ನೀರು ಇಳಿಯದೆ ನಿಂತರೆ ಪೊರೆ ಕಟ್ಟಿದೆ ಎಂದರ್ಥ. ಎಳೆಗೂಸಿನ ಬಟ್ಟೆಗೆ ಈ ದ್ರವವೇ ಬೇಡ ಎಂಬುದು ನನ್ನ ಅಭಿಪ್ರಾಯ. ಚೆನ್ನಾಗಿ ಜಾಲಾಡಿಸಿದ ಬಟ್ಟೆಗೆ ಅದರದೇ ಆದ ಮೃದುತ್ವ ಇರುತ್ತದೆ. ಪರಿಮಳ ಕೂಸಿಗೆ ಬೇಕಾದದ್ದಲ್ಲ, ನೋಡಲು ಬಂದವರಿಗೆ ಬೇಕಾದದ್ದು.

ಹೊರಗೆ ಊದುವ ಯಂತ್ರವಾದರೆ ಅದರ ಕೊಳವೆ ಗಿಡ್ಡವಾಗಿಯೂ ನೇರವಾಗಿಯೂ ಲೋಹದ್ದಾಗಿಯೂ ಇರತಕ್ಕದ್ದು. ಹಕ್ಕಿ ಗೂಡು ಕಟ್ಟೀತೆಂದು ತುದಿಗೆ ಸಣ್ಣ ಕಣ್ಣಿನ ಬಲೆ ಹೊಡೆಯುವವರಿದ್ದಾರೆ. ಆ ಬಲೆಯಲ್ಲಿಯೇ ಎಳೆಗಳು ಸೇರಿ ದಾರಿ ಮುಚ್ಚುತ್ತದೆ. ತಾನಾಗಿ ತೆರೆದು ಮುಚ್ಚುವ ರೆಪ್ಪೆಯಂತಹ ಮುಚ್ಚಳ ಸಾಕು. ಕೊಳವೆಯನ್ನು ಬಚ್ಚಲಿನೊಳಗೇ ಬಿಟ್ಟರೆ ಬಟ್ಟೆಯ ತೇವ ಗೋಡೆಗೆ ಬಂದು ಬೂಷ್ಟು ಬೆಳೆಯುತ್ತದೆ. ನೀರು ಕೂಡಿಡುವ ಬಗೆಯಾದರೆ ಪಾತ್ರೆಯನ್ನು ಪ್ರತಿ ಸಲ ಬರಿದು ಮಾಡಬೇಕು. ತುಂಬಿದರೆ ಯಂತ್ರ ನಡುವೆಯೇ ನಿಲ್ಲುತ್ತದೆ, ಕೆಟ್ಟಿತೆಂದು ಗಾಬರಿಪಡಬೇಕಾಗಿಲ್ಲ.

ಬಟ್ಟೆ ಒಣಗಲು ಹಿಂದಿಗಿಂತ ಎರಡರಷ್ಟು ಹೊತ್ತು ಹಿಡಿದರೆ, ಜಾಲರಿ, ಕೊಳವೆ, ತುಂಬಿದ ಬಟ್ಟೆಯ ಪ್ರಮಾಣ ಈ ಮೂರನ್ನು ಇದೇ ಕ್ರಮದಲ್ಲಿ ನೋಡಿ. ಒಗೆಯುವುದೂ ಒಣಗಿಸುವುದೂ ಒಂದರಲ್ಲೇ ಇರುವ ಯಂತ್ರವುಳ್ಳವರು ಒಂದು ಸಂಗತಿ ಮರೆಯುತ್ತಾರೆ: ಅದು ಒಗೆಯುವಷ್ಟು ಬಟ್ಟೆಯನ್ನು ಒಣಗಿಸಲಾರದು, ಒಗೆದದ್ದರಲ್ಲಿ ಒಂದು ಭಾಗವನ್ನು ಹೊರಗೆ ತೆಗೆಯಲೇಬೇಕು. ಪೀಪಾಯಿ ತಿರುಗುತ್ತಿದ್ದು ಬಿಸಿಯೇ ಆಗದಿದ್ದರೆ, ಶಾಖ ಮಿತಿಮೀರಿದಾಗ ಕಡಿದುಕೊಳ್ಳುವ ರಕ್ಷಕ ಫ್ಯೂಸು ಹೋಗಿರಬಹುದು. ಅದನ್ನು ಬದಲಿಸುವ ಕೆಲಸಗಾರರು ಅದು ಏಕೆ ಹೋಯಿತೆಂಬುದನ್ನೂ ನೋಡಿ ಹೇಳಬೇಕು. ಫ್ಯೂಸನ್ನು ತಪ್ಪಿಸಿ ತಂತಿ ಜೋಡಿಸಿಕೊಡುತ್ತೇನೆ ಎಂದವರನ್ನು ಕಾಫಿ ಕೊಟ್ಟು ಕಳುಹಿಸಿಬಿಡಿ. ತೇವ ಅಳೆಯುವ ಯಂತ್ರವು ಬಟ್ಟೆ ಹಸಿಯಾಗಿರುವಾಗಲೇ ನಿಂತರೆ, ಪೀಪಾಯಿಯ ಬಾಯಿಯ ಬಳಿಯ ಲೋಹದ ಪಟ್ಟಿಗಳನ್ನು ತೇವದ ಬಟ್ಟೆಯಿಂದ ಒರೆಸಿ. ಅನೇಕ ವೇಳೆ ಅಷ್ಟೇ ಸಾಕು. ಸುಟ್ಟ ವಾಸನೆ ಬಂದರೆ ಮಾತ್ರ ಯಾವ ಪರೀಕ್ಷೆಯೂ ಬೇಡ. ಗೋಡೆಯ ಸ್ವಿಚ್ಚು ಆರಿಸಿ. ಒಳಗೆ ಹೊಗೆಯಿದ್ದರೆ ಬಾಗಿಲು ತೆರೆಯಬೇಡಿ, ಗಾಳಿ ಸೇರಿ ಉರಿಯಾಗುತ್ತದೆ. ಮನೆಯವರನ್ನು ಹೊರಗೆ ಕಳುಹಿಸಿ ಅಗ್ನಿಶಾಮಕ ದಳವನ್ನು ಕರೆಯಿರಿ.

ಎಣ್ಣೆಸ್ನಾನದ ರೂಢಿಯಿರುವ ನಮ್ಮ ಮನೆಗಳಿಗೆ ವಿಶೇಷವಾಗಿ ಅನ್ವಯಿಸುವ ಮಾತೊಂದಿದೆ. ಕೂಸಿಗೂ ಬಾಣಂತಿಗೂ ಎಣ್ಣೆ ಒರೆಸಿದ ಟವೆಲುಗಳು ಒಂದು ಸಲದ ಒಗೆತದಲ್ಲಿ ಪೂರ್ತಿ ಎಣ್ಣೆ ಬಿಡುವುದಿಲ್ಲ. ಎಣ್ಣೆ ಉಳಿದ ಹತ್ತಿಬಟ್ಟೆಯನ್ನು ಬಿಸಿಗಾಳಿಯಲ್ಲಿ ಒಣಗಿಸಿ ಹಾಗೆಯೇ ರಾಶಿ ಹಾಕಿದರೆ, ಎಣ್ಣೆಯು ಗಾಳಿಯೊಡನೆ ಸೇರುತ್ತ ತಾನೇ ಶಾಖ ಹುಟ್ಟಿಸುತ್ತದೆ. ರಾಶಿಯ ನಡುವೆ ಆ ಶಾಖಕ್ಕೆ ದಾರಿಯಿಲ್ಲದೆ ಬಟ್ಟೆ ತಾನಾಗಿಯೇ ಹೊತ್ತಿಕೊಂಡೀತು. ಎಣ್ಣೆಯ ಟವೆಲು, ಸೀಮೆಎಣ್ಣೆ ಅಥವಾ ಪೆಟ್ರೋಲು ಸೋಕಿದ ಬಟ್ಟೆ, ಸ್ಪಂಜಿನ ದಿಂಬು ಇವು ಈ ಯಂತ್ರಕ್ಕೆ ವರ್ಜ್ಯ. ಟವೆಲುಗಳನ್ನು ಬಿಸಿನೀರು, ಸೋಪಿನಲ್ಲಿ ಒಗೆದು ಹಗ್ಗದ ಮೇಲೆ ಬಿಡಿಬಿಡಿಯಾಗಿ ಹರವಿ. ಯಂತ್ರವು ಕೊನೆಯಲ್ಲಿ ಕೆಲವು ನಿಮಿಷ ತಣ್ಣನೆಯ ಗಾಳಿಯಲ್ಲಿ ಉರುಳಿಸುವುದು ಕಾಲಹರಣವಲ್ಲ. ನಡುವೆ ನಿಲ್ಲಿಸಿದರೆ ಬಿಸಿ ಬಟ್ಟೆಯನ್ನು ಕೂಡಲೆ ಹೊರತೆಗೆದು ಹರವಬೇಕು. ರಾತ್ರಿ ಚಾಲೂ ಮಾಡಿ ಮಲಗುವುದು, ಬೀಗ ಹಾಕಿಕೊಂಡು ಪೇಟೆಗೆ ಹೋಗುವುದು ಸಲ್ಲದು. ಕೆಲಸ ಮುಗಿದ ಮೇಲೆ ಯಂತ್ರದ ಬಾಗಿಲನ್ನು ಮಕ್ಕಳ ಕೈಗೆ ಸಿಗದಂತೆ ಭದ್ರಪಡಿಸಿ. ಕಣ್ಣಾಮುಚ್ಚಾಲೆಗೆ ಅದಕ್ಕಿಂತ ಒಳ್ಳೆಯ ಅಡಗುತಾಣವಿಲ್ಲವೆಂದು ಮಕ್ಕಳಿಗೆ ಅನ್ನಿಸುತ್ತದೆ, ಒಳಗಿನಿಂದ ಬಾಗಿಲು ತೆರೆಯಲು ಅವರಿಗೆ ಆಗದು.

ಯಂತ್ರವೇ ಇಲ್ಲದ ಮನೆಗಳೇ ಹೆಚ್ಚಲ್ಲವೇ ಎಂದು ಕೇಳುವಿರಿ. ಹೌದು, ಅಲ್ಲಿನ ಅಪಾಯ ಇನ್ನೂ ಸರಳವಾದದ್ದು, ಇನ್ನೂ ಘೋರವಾದದ್ದು. ಬಟ್ಟೆ ಹರವಲು ಕಬ್ಬಿಣದ ತಂತಿಯನ್ನು ವಿದ್ಯುತ್ ಕಂಬಕ್ಕೋ, ಮನೆಗೆ ವಿದ್ಯುತ್ ತರುವ ತಂತಿಯ ಪಕ್ಕದ ಕೊಂಡಿಗೋ ಬಿಗಿಯುತ್ತಾರೆ. ಮಳೆಗಾಳಿಗೆ ಹೊದಿಕೆ ಸವೆದು ವಿದ್ಯುತ್ತು ಬಟ್ಟೆಯ ತಂತಿಗೆ ಹರಿಯುತ್ತದೆ. ಒದ್ದೆ ಬಟ್ಟೆ, ಒದ್ದೆ ಕೈ, ಒದ್ದೆ ನೆಲ. ಹರವಲು ಹೋದ ತಾಯಿ ಬಿದ್ದಳೆಂದು ಹಿಡಿಯಲು ಹೋದ ಮಗನೂ ಬೀಳುತ್ತಾನೆ. ಇಂತಹ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಲೋಹದ ತಂತಿಯನ್ನು ತೆಗೆದುಹಾಕಿ ನೈಲಾನ್ ಹಗ್ಗವನ್ನೋ ಬಿದಿರಿನ ಗಳುವನ್ನೋ ಬಳಸಿ. ಅದನ್ನೂ ವಿದ್ಯುತ್ ತಂತಿಯಿಂದ ದೂರದಲ್ಲಿ ಕಟ್ಟಿ. ಕಂಬದಲ್ಲಿಯೋ ಗೋಡೆಯಲ್ಲಿಯೋ ವಿದ್ಯುತ್ ಸೋರುವ ಅನುಮಾನವಿದ್ದರೆ ವಿದ್ಯುತ್ ಸರಬರಾಜು ಕಂಪನಿಯ 1912 ಸಂಖ್ಯೆಗೆ ತಿಳಿಸಿ. ಯಾರಾದರೂ ತಂತಿಗೆ ಅಂಟಿಕೊಂಡರೆ ಮೊದಲು ಮೇನ್ ಸ್ವಿಚ್ಚು ಆರಿಸಬೇಕು, ಮುಟ್ಟಬಾರದು. ಅದು ಕೈಗೆಟುಕದಿದ್ದರೆ ಒಣಗಿದ ಮರದ ಕೋಲಿನಿಂದ ತಂತಿಯನ್ನು ದೂಡಬೇಕು. ಬೀದಿಯ ದೊಡ್ಡ ತಂತಿಯಾದರೆ ಕೋಲೂ ಬೇಡ. ದೂರ ನಿಂತು 1912ಕ್ಕೆ ತಿಳಿಸಿ ವಿದ್ಯುತ್ ಕಡಿಸಬೇಕು. ಬಿಡಿಸಿದ ಮೇಲೆ ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿರಿಸಿ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಬೇಕು. ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು.

ಕೂಸಿನ ಬಟ್ಟೆಗಳನ್ನು ಕೆಂಡದ ಅಗ್ಗಿಷ್ಟಿಕೆಯ ಮೇಲೆ ಬುಟ್ಟಿ ಬೋರಲಿಟ್ಟು ಒಣಗಿಸುವ ಪದ್ಧತಿ ಹಲವೆಡೆ ಉಂಟು. ಬಯಲಿನಲ್ಲಿ ಅಥವಾ ತೆರೆದ ಜಗಲಿಯಲ್ಲಿ ಮಾಡಿದರೆ ಅಡ್ಡಿಯಿಲ್ಲ. ಬಾಣಂತಿಯ ಕೋಣೆಯಲ್ಲಿ ಬಾಗಿಲು ಕಿಟಕಿ ಮುಚ್ಚಿ ಮಾಡಿದರೆ ಕೆಂಡದಿಂದ ಹೊರಡುವ ಇಂಗಾಲದ ಮಾನಾಕ್ಸೈಡ್ ಅನಿಲವು, ಬಣ್ಣವಿಲ್ಲದೆ ವಾಸನೆಯಿಲ್ಲದೆ, ಮಲಗಿದವರನ್ನು ಮಲಗಿದಲ್ಲಿಯೇ ಕೊಲ್ಲಬಲ್ಲದು. ಬೆಂಕಿಯಿಲ್ಲದೆ ಕೋಣೆಯಲ್ಲಿಯೇ ಒಣಗಿಸುವುದಾದರೆ ಮಲಗುವ ಕೋಣೆಯನ್ನು ಬಿಟ್ಟು ಬೇರೆಡೆ ಹಗ್ಗ ಕಟ್ಟಿ, ಎದುರುಬದುರಾದ ಎರಡು ಕಿಟಕಿಗಳನ್ನು ಸ್ವಲ್ಪ ತೆರೆದು, ಫ್ಯಾನು ಹಾಕಿ. ಬಟ್ಟೆಗಳ ನಡುವೆ ಒಂದು ಗೇಣು ಅಂತರವಿರಲಿ. ತೇವವೂ ಬೂಷ್ಟೂ ಇರುವ ಮನೆಗಳಲ್ಲಿ ಉಬ್ಬಸ ಮತ್ತು ಉಸಿರಾಟದ ತೊಂದರೆಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ತಿಳಿಸಿದೆ.

ಮನೆಯಲ್ಲಿ ಒಬ್ಬರಿಗೆ ಕಜ್ಜಿ ಅಂಟಿದಾಗ ಬಟ್ಟೆಯ ವಿಷಯದಲ್ಲಿ ಏನು ಮಾಡಬೇಕೆಂದು ಅನೇಕರು ಕೇಳುತ್ತಾರೆ. ಕಜ್ಜಿಯ ನುಸಿಯು ಮನುಷ್ಯನ ಮೈ ಬಿಟ್ಟು ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕದು. ಬಟ್ಟೆ, ಹಾಸಿಗೆಯ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಯಾಗಿ ಒಣಗಿಸಿ. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಒಂದು ವಾರ ಬದಿಗಿಡಿ. ಔಷಧವನ್ನು ಮಾತ್ರ ಮನೆಯವರೆಲ್ಲರೂ ಒಂದೇ ದಿನ ಹಚ್ಚಿಕೊಳ್ಳಬೇಕು. ಹುಳುಕಡ್ಡಿಯಾದವರ ಟವೆಲು, ಒಳಉಡುಪುಗಳನ್ನು ಬೇರೆಯಾಗಿ ಒಗೆದು ಪೂರ್ತಿ ಒಣಗಿದ ಮೇಲೆಯೇ ತೊಡತಕ್ಕದ್ದು.

ಮುಟ್ಟಿನ ಬಟ್ಟೆಯನ್ನು ಇತರ ಬಟ್ಟೆಗಳ ಮರೆಯಲ್ಲಿ, ಮಂಚದ ಅಡಿಯಲ್ಲಿ, ಬಚ್ಚಲಿನ ಮೂಲೆಯಲ್ಲಿ ಹರವುವ ಸಂಕೋಚ ಇನ್ನೂ ಹೋಗಿಲ್ಲ. ತಣ್ಣೀರಿನಲ್ಲಿ ನೆನೆಸಿ, ಸೋಪಿನಲ್ಲಿ ಒಗೆದು, ಯಂತ್ರವಿದ್ದರೆ ಹಿಂಡುವ ತೊಟ್ಟಿಯಲ್ಲಿ ತಿರುಗಿಸಿ, ಗಾಳಿ ಬಿಸಿಲಿರುವಲ್ಲಿ ಒಣಗಿಸಬೇಕು. ಯಂತ್ರಕ್ಕೆ ಮೈಲಿಗೆಯಿಲ್ಲ. ಅರೆ ಒಣಗಿದ ಬಟ್ಟೆಯಿಂದ ತೊಡೆಸಂದಿಯಲ್ಲಿ ತುರಿ, ಗಾಯ, ಹುಳುಕಡ್ಡಿ ಬಂದು ಹೇಳಿಕೊಳ್ಳಲಾರದೆ ನರಳುವ ಹೆಣ್ಣುಮಕ್ಕಳಿದ್ದಾರೆ; ತಾಯಂದಿರೇ ಮೊದಲು ಈ ಸಂಕೋಚ ಬಿಡಬೇಕಾಗಿದೆ.

ಇನ್ನೊಂದು ಮಾತು, ಒಣಗಿಸಿ ಎತ್ತಿಟ್ಟ ಬಟ್ಟೆಯ ಬಗ್ಗೆ. ಹಿರಿಯ ಮಗುವಿನ ಬಟ್ಟೆಗಳನ್ನು ನುಸಿಗುಳಿಗೆ ಹಾಕಿ ಪೆಟ್ಟಿಗೆಯಲ್ಲಿಟ್ಟು, ಎರಡನೆಯ ಕೂಸಿಗೆ ತೆಗೆದು ನೇರವಾಗಿ ತೊಡಿಸಬಾರದು. ಕೆಲವು ಶಿಶುಗಳ ರಕ್ತಕಣಗಳಲ್ಲಿ ಹುಟ್ಟಿನಿಂದಲೇ ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯಿರುತ್ತದೆ. ನುಸಿಗುಳಿಗೆಯ ನ್ಯಾಫ್ತಲೀನ್ ಆವಿ ಅಂತಹ ಶಿಶುವಿನ ರಕ್ತಕಣಗಳನ್ನು ಒಡೆದು ತೀವ್ರವಾದ ಕಾಮಾಲೆ ತರಬಲ್ಲದು. ಕೊರತೆಯಿದೆಯೇ ಇಲ್ಲವೇ ಎಂಬುದು ನೋಡಿದರೆ ತಿಳಿಯುವಂಥದಲ್ಲ. ಕೂಸಿನ ಬಟ್ಟೆಗೆ ಈ ಗುಳಿಗೆಯನ್ನು ಹಾಕಲೇಬೇಡಿ; ಪೂರ್ತಿ ಒಣಗಿದ ಬಟ್ಟೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಸಾಕು.

ಕೈ ಯಂತ್ರಕ್ಕೆ ಸಿಕ್ಕಿ ಗಾಯವಾದಾಗ ಮಾಡತಕ್ಕದ್ದನ್ನು ಹೇಳಿ ಮುಗಿಸುತ್ತೇನೆ. ಮೊದಲು ವಿದ್ಯುತ್ ಆರಿಸಿ. ಸಿಕ್ಕಿದ ಕೈಯನ್ನು ಜಗ್ಗಬೇಡಿ, ಸುತ್ತಿಕೊಂಡ ಬಟ್ಟೆಯನ್ನು ಕತ್ತರಿಯಿಂದ ಕತ್ತರಿಸಿ ಬಿಡಿಸಿ. ರಕ್ತ ಬರುವ ಜಾಗವನ್ನು ಶುಭ್ರವಾದ ಒಣ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲಕ್ಕೆ ಎತ್ತಿ ಹಿಡಿಯಿರಿ. ಅರಿಸಿನ, ಕಾಫಿಪುಡಿ ತುಂಬಬೇಡಿ. ಬೆರಳು ತುಂಡಾಗಿದ್ದರೆ ಅದನ್ನು ತೇವದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯಿರುವ ಇನ್ನೊಂದು ಚೀಲದಲ್ಲಿರಿಸಿ ರೋಗಿಯೊಡನೆ ಆಸ್ಪತ್ರೆಗೆ ಒಯ್ಯಿರಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. ತಡಮಾಡದೆ ತಲಪಿದರೆ ಮತ್ತೆ ಜೋಡಿಸುವ ಸಾಧ್ಯತೆ ಇರುತ್ತದೆ.

ಈ ಹೊತ್ತಗೆಯನ್ನು ಓದಿದ ದಿನವೇ ಒಂದು ಕೆಲಸ ಮಾಡಿ. ಮಕ್ಕಳನ್ನು ದೂರ ನಿಲ್ಲಿಸಿ, ಹಿಂಡುವ ತೊಟ್ಟಿಯನ್ನು ಎರಡು ಟವೆಲು ಹಾಕಿ ತಿರುಗಿಸಿ, ಪೂರ್ಣ ವೇಗ ಬಂದ ಮೇಲೆ ಮುಚ್ಚಳ ತೆರೆದು ಗಡಿಯಾರ ನೋಡಿ. 15 ಸೆಕೆಂಡುಗಳೊಳಗೆ ತೊಟ್ಟಿ ಪೂರ್ತಿ ನಿಲ್ಲಬೇಕು. ನಿಲ್ಲದಿದ್ದರೆ ಪ್ಲಗ್ಗು ಕಿತ್ತು, ಅದಕ್ಕೊಂದು ಚೀಟಿ ಅಂಟಿಸಿ, ಬ್ರೇಕು ಸರಿಪಡಿಸುವವರು ಬರುವ ತನಕ ಬಟ್ಟೆಯನ್ನು ಕೈಯಲ್ಲಿಯೇ ಹಿಂಡಿ ಹರವಿ.